ಡಬ್ಬಿ ನೋಡದೆ ಬಾಚದ ಹೆಂಗಸು

ನಮ್ಮ ಕಟ್ಟಡದ ಮೆಟ್ಟಿಲ ಪಕ್ಕದ ಕೋಣೆಯಲ್ಲಿ ನಾಯಿಗಳಿಗೆ ಸ್ನಾನ ಮಾಡಿಸಿ ಕೂದಲು ಕತ್ತರಿಸುವ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇರಲೇಬೇಕು. ಎಂಟು ಮನೆಗಳಲ್ಲಿ ಒಬ್ಬರಿಗೂ ಅದು ಬೇಕಾಗಿಲ್ಲ. ಎದುರಿಗೆ ‘ಅಕ್ಕ’, ಬೆನ್ನ ಹಿಂದೆ ‘ಕತ್ತರಿ’. ಕೈಯಲ್ಲಿರುವುದಕ್ಕಿಂತ ಬಾಯಲ್ಲಿರುವುದೇ ಹರಿತ ಎನ್ನುವುದು ನನ್ನವರ ಮಾತು. ವಯಸ್ಸು ಅರವತ್ತರ ಹತ್ತಿರ. ಗಿಡ್ಡ ಆಳು, ಮೊಣಕೈವರೆಗೆ ಮಡಿಸಿದ ತೋಳು, ಎಡಗೈ ಹೆಬ್ಬೆರಳ ಬುಡದಲ್ಲಿ ಯಾವುದೋ ಹಳೆಯ ನಾಯಿಯ ಹಲ್ಲಿನ ಗುರುತು. ನಾಯಿಗಳನ್ನು ಮುದ್ದು ಮಾಡಿದ್ದನ್ನು ನಾನು ನೋಡಿಲ್ಲ. ಮನುಷ್ಯರ ಸಂಗತಿ ಕೇಳಲೇಬೇಡಿ.

ಕೋಣೆ ಎಂದರೆ ಒಂದು ಕಿಟಕಿ, ಒಂದು ಆಳವಾದ ಸಿಂಕು, ತಗಡು ಹೊದಿಸಿ ಮೇಲೆ ರಬ್ಬರ್ ಚಾಪೆ ಹಾಸಿದ ಮೇಜು. ಗೋಡೆಯ ಮೊಳೆಗಳಲ್ಲಿ ಬಾಚಣಿಗೆಗಳು, ಅಗಲ ಹಲ್ಲಿನದು ಮೊದಲು, ಸಣ್ಣ ಹಲ್ಲಿನದು ಕೊನೆಗೆ. ಒಂದು ಪ್ಲಾಸ್ಟಿಕ್ ಕುರ್ಚಿ ಇದೆ, ಅದರ ಮೇಲೆ ಟವೆಲ್‌ಗಳು ಕೂತಿರುತ್ತವೆ. ನಾಯಿ ತಂದವರು ನಿಂತೇ ಇರಬೇಕು. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಎರಡೇ ಪದ: ‘ಡಬ್ಬಿ ತನ್ನಿ’.

ನಮ್ಮ ನಾಯಿಯ ಹೆಸರು ಪೊರಕೆ. ಬೂದು ಬಣ್ಣ, ಮೋಟು ಕಾಲು, ಹೊಟ್ಟೆಯ ಕೂದಲು ನೆಲ ಗುಡಿಸುತ್ತದೆ. ಅತ್ತೆ ನಮ್ಮ ಜೊತೆ ಇರಲು ಬಂದಾಗ ಎರಡು ಪೆಟ್ಟಿಗೆಯೊಂದಿಗೆ ಅದನ್ನೂ ತಂದರು. ಆಗ ನನ್ನ ಪುಟ್ಟಿಗೆ ನಾಲ್ಕು ತಿಂಗಳು. ಪೆಟ್ಟಿಗೆಗಳಿಗೆ ಜಾಗ ಮಾಡಿದೆ, ನಾಯಿಗೆ ಮುಖ ಊದಿಸಿಕೊಂಡೆ. ಹತ್ತು ತಿಂಗಳಲ್ಲಿ ನಾಯಿಗೆ ನಾನು ಒಗ್ಗಿದೆ. ಅತ್ತೆಗೆ ನಾನು, ನನಗೆ ಅತ್ತೆ, ಅದಿನ್ನೂ ನಡೆಯುತ್ತಿತ್ತು.

ಮೊದಲ ಸಲ ಪೊರಕೆಯನ್ನು ಕಂಕುಳಲ್ಲಿ ಅವುಚಿಕೊಂಡು ಕೆಳಗೆ ಹೋದಾಗ ಕತ್ತರಿ ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು.

“ಡಬ್ಬಿ?”

“ಯಾವ ಡಬ್ಬಿ ಅಕ್ಕಾ?”

“ಬಾಗಿಲ ಮೇಲೆ ಬರೆದಿದೀನಿ. ಓದಕ್ಕೆ ಬರಲ್ವಾ?”

“ಬರುತ್ತೆ. ಏನು ಹಾಕಿರೋ ಡಬ್ಬಿ ಅಂತ ಬರೆದಿಲ್ಲ.”

“ಬೆಳಗ್ಗೆ ನಾಯಿ ಹೇತಿದ್ದು. ಮುಚ್ಚಳ ಇರೋ ಡಬ್ಬೀಲಿ. ತಂದ್ರೆ ಒಳಗೆ, ಇಲ್ದಿದ್ರೆ ಮೇಲೆ.” ಗಲ್ಲದಿಂದ ಮೆಟ್ಟಿಲು ತೋರಿಸಿದಳು.

ನಾನಾಗಿದ್ದರೆ ಕಕ್ಕ ಎನ್ನುತ್ತಿದ್ದೆ. ಮಗುವಿರುವ ಮನೆಯವಳು, ಇಲ್ಲಿಯೂ ಹಾಗೇ ಬರೆಯುತ್ತೇನೆ.

ಮರುದಿನ ಡಬ್ಬಿ ಒಯ್ದೆ. ಕಿಟಕಿಯ ಬೆಳಕಿಗೆ ಹಿಡಿದು, ಕಡ್ಡಿಯಲ್ಲಿ ಹೊರಳಿಸಿ ನೋಡಿದಳು, ಅಕ್ಕಸಾಲಿ ಉಂಗುರ ನೋಡುವ ಹಾಗೆ. “ಆಕಾರ ಇದೆ. ಬಣ್ಣ ಸರಿ. ಹತ್ತಿಸು ಮೇಜಿಗೆ.” ಆಮೇಲೆ ಪೊರಕೆಯ ತುಟಿ ಎತ್ತಿ ಒಸಡು ಒತ್ತಿದಳು, ಕಿವಿಯೊಳಗೆ ಮೂಗು ಇಟ್ಟು ಮೂಸಿದಳು, ಕಿವಿಯ ಹಿಂದೆ ಬೆರಳು ತೂರಿಸಿದವಳು ಹಾಗೇ ನಿಂತಳು.

“ಇದೇನು, ಕೂದಲಾ ಕಂಬಳೀನಾ? ಯಾರು ನೀರು ಹಾಕಿದ್ದು?”

“ನಾನೇ, ಸ್ನಾನ ಮಾಡಿಸಿದೆ.”

“ಸಿಕ್ಕು ಬಿಡಿಸದೆ ನೀರು ಹಾಕಿದ್ರೆ ಗಂಟು ಇನ್ನೂ ಬಿಗಿಯುತ್ತೆ. ನಿನ್ನ ಜಡೆಗೆ ಹಂಗೇ ಮಾಡ್ಕೋತೀಯಾ?”

ಎರಡು ಗಂಟೆ ನಿಂತೇ ನೋಡಿದೆ. ಗಂಟನ್ನು ಮೊದಲು ಬೆರಳಲ್ಲಿ ಸೀಳುತ್ತಾಳೆ. ಚರ್ಮ ಎಳೆಯದಂತೆ ಒಂದು ಕೈ ಕೂದಲ ಬುಡ ಬಿಗಿ ಹಿಡಿದಿರುತ್ತದೆ, ಇನ್ನೊಂದು ಕೈ ತುದಿಯಿಂದ ಬುಡದ ಕಡೆ ಒಂದೊಂದೇ ಬೆರಳಗಲ ಬಾಚುತ್ತ ಬರುತ್ತದೆ. ಬಗಲು, ತೊಡೆಸಂದು, ಬಾಲದ ಕೆಳಗೆ, ಯಾರೂ ನೋಡದ ಜಾಗಗಳೇ ಮೊದಲು. ಆಮೇಲೆ ನೀರು. ಕಿವಿಗೆ ಹತ್ತಿ. ಸ್ನಾನವಾದ ಮೇಲೆ ಬೆರಳ ಸಂದುಗಳನ್ನೂ ಬಿಡದೆ ಒಣಗಿಸಿದಳು. ಉಗುರು ಕತ್ತರಿಸುವಾಗ ಒಳಗಿನ ರಕ್ತದ ಗೆರೆ ಎಲ್ಲಿ ಶುರುವಾಗುತ್ತದೆಂದು ಬೆಳಕಿಗೆ ಹಿಡಿದು ನೋಡಿ, ಅದಕ್ಕೆ ಒಂದು ಕೂದಲೆಳೆ ದೂರದಲ್ಲಿ ನಿಲ್ಲಿಸಿದಳು. ಪೊರಕೆ ಒಂದು ಸಲವೂ ಕುಂಯ್ ಎನ್ನಲಿಲ್ಲ. ನಾನು ಮೂರು ಸಲ ಬೈಸಿಕೊಂಡೆ.

ಐದನೆಯ ದಿನಕ್ಕೆ ನಾಯಿಯ ಹೊಟ್ಟೆ ಕೆಟ್ಟಿತು.

ಹದಿನಾಲ್ಕು ತಿಂಗಳ ಮಗು ಅಂಬೆಗಾಲಿಡುವ ನೆಲದ ಮೇಲೆ ನಾಯಿಯ ನೀರು ನೀರಾದ ಕಕ್ಕ ಎಂದರೆ ಏನೆಂದು ಅನುಭವಿಸಿದವರಿಗೇ ಗೊತ್ತು. ಪುಟ್ಟಿಯನ್ನು ಎತ್ತಿ ಮಂಚಕ್ಕೆ ಹಾಕು, ಬಾಗಿಲು ಹಾಕು, ಒರೆಸು, ಫಿನಾಯಿಲ್ ಹಾಕು, ಮತ್ತೆ ಒರೆಸು. ಕೈ ತೊಳೆದು ಕೂರುವಷ್ಟರಲ್ಲಿ ಬಾಲ್ಕನಿಯ ಮೂಲೆಯಲ್ಲಿ ಇನ್ನೊಂದು. ನನ್ನವರು ಪಾದ ಎತ್ತಿ ಎತ್ತಿ ಇಡುತ್ತಾ, “ಮನೇಲಿ ಓಡಾಡೋಕೆ ನಕ್ಷೆ ಕೊಡು” ಎಂದರು. ನಗು ಬರಲಿಲ್ಲ.

ಮೊದಲ ಅನುಮಾನ ಅತ್ತೆಯ ಮೇಲೆ. ಊಟಕ್ಕೆ ಕೂತರೆ ಅವರ ಕಾಲ ಬಳಿಯೇ ನಾಯಿ. “ತಟ್ಟೆಯಿಂದ ಏನೂ ಹಾಕಬೇಡಿ ಅಂತ ಎಷ್ಟು ಸಲ ಹೇಳ್ಲಿ ಅತ್ತೆ?” ಎಂದೆ. “ನಾನು ಹಾಕಿಲ್ಲಮ್ಮ” ಎಂದರು. “ಹಂಗಾದ್ರೆ ಗಾಳಿಯಿಂದ ಕೆಡ್ತಾ?” ಎಂದೆ. ಅಂದಿನಿಂದ ಅತ್ತೆ ಅಡುಗೆಮನೆಯ ಬಾಗಿಲು ಹಾಕಿಕೊಂಡು, ನಿಂತೇ ಉಣ್ಣತೊಡಗಿದರು. ನಾಯಿ ಬಾಗಿಲ ಹೊರಗೆ, ಅವರು ಒಳಗೆ. ನೋಡಿಯೂ ನೋಡದವಳಂತೆ ಇದ್ದೆ. ಆದರೂ ಹೊಟ್ಟೆ ನಿಲ್ಲಲಿಲ್ಲ. ಆಗ ನನ್ನ ಬೆರಳು ಕತ್ತರಿಯ ಕಡೆ ತಿರುಗಿತು. ಅಲ್ಲಿ ಸ್ನಾನವಾದ ಮೇಲೆಯೇ ತಾನೇ ಇದೆಲ್ಲ? ನಾಯಿ ಮೈ ನೆಕ್ಕಿಕೊಳ್ಳುತ್ತದೆ, ಶಾಂಪೂ ಒಳಗೆ ಹೋಗಿದೆ. ಲೆಕ್ಕ ಸರಿಹೋಯಿತು.

ಮೂರು ವಾರ ಕಳೆದು, ಬಾಲದ ಕೆಳಗೆ ಎಲ್ಲ ಅಂಟಿ ಗಬ್ಬೆದ್ದ ನಾಯಿಯನ್ನೂ ಡಬ್ಬಿಯನ್ನೂ ಹಿಡಿದು ಇಳಿದೆ. ಅಲ್ಲಿ ಇನ್ನಿಬ್ಬರು ತಮ್ಮ ನಾಯಿಗಳೊಂದಿಗೆ ಕಾದಿದ್ದರು. ಕತ್ತರಿ ಮುಚ್ಚಳ ತೆಗೆದವಳೇ ಹಾಕಿದಳು.

“ಇದಕ್ಕೆ ಸ್ನಾನ ಇಲ್ಲ. ಬಿಸಿನೀರಲ್ಲಿ ಬಟ್ಟೆ ಅದ್ದಿ ಹಿಂದೆ ಒರೆಸು, ಸಾಕು. ಏನು ತಿನ್ಸಿದೀರಿ?”

“ಯಾವಾಗ್ಲೂ ಕೊಡೋದೇ. ಎರಡು ಹೊತ್ತು ಒಣ ಆಹಾರ, ಸಂಜೆ ಒಂದು ಹಿಡಿ ಅನ್ನ.”

“ಅಷ್ಟೇನಾ?”

“ಅಷ್ಟೇ.”

“ಸುಳ್ಳು.”

“ನಾನ್ಯಾಕೆ ಸುಳ್ಳು ಹೇಳ್ಲಿ?”

“ನೀನು ಹೇಳಬಹುದು. ಇದು ಹೇಳಲ್ಲ.” ಡಬ್ಬಿಯ ಮೇಲೆ ಬೆರಳಲ್ಲಿ ಕುಟ್ಟಿದಳು. ಕಾದಿದ್ದವರಲ್ಲಿ ಒಬ್ಬರು ಕಿಸಕ್ಕನೆ ನಕ್ಕರು.

ನನ್ನ ಕಿವಿ ಬಿಸಿಯಾಯಿತು. “ನಿಮ್ಮ ಶಾಂಪೂ ನೆಕ್ಕಿ ಹಿಂಗಾಗಿದೆ. ನಿಮ್ಮ ಕೈಗೆ ಬರೋಕೆ ಮುಂಚೆ ಚೆನ್ನಾಗಿತ್ತು” ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ಅವಳು ಡಬ್ಬಿಯನ್ನು ನನ್ನ ಕೈಯಲ್ಲಿಟ್ಟು, ನನ್ನ ಬೆರಳುಗಳನ್ನು ಅದರ ಸುತ್ತ ತಾನೇ ಮಡಿಸಿದಳು. “ಹೊಟ್ಟೆ ನಿಲ್ಲೋವರೆಗೆ ಈ ಕಡೆ ತಲೆ ಹಾಕಬೇಡ. ನಡಿ.”

ಎರಡನೆಯ ಮಹಡಿಯ ತಿರುವಿನಲ್ಲಿ ಟೀಚರ್ ಸಿಕ್ಕರು. ಮೂರನೆಯ ಮಹಡಿಯಲ್ಲಿ ಮಕ್ಕಳಿಗೆ ಮನೆಪಾಠ ಹೇಳುತ್ತಾರೆ. ಬೊಗಳುವ ಸದ್ದಿಗೆ ಮಗ್ಗಿ ಮರೆತುಹೋಗುತ್ತದೆ, ಚರಂಡಿಯಲ್ಲಿ ನಾಯಿಕೂದಲು ಕಟ್ಟುತ್ತದೆ ಎಂದು ವರ್ಷದಿಂದ ಗೊಣಗುತ್ತಿದ್ದರು. ನನ್ನ ಮುಖ ನೋಡಿದವರೇ ಒಳಗೆ ಕರೆದು ನೀರು ಕೊಟ್ಟರು.

“ಸದ್ದು, ಕೂದಲು ಅಂದ್ರೆ ಕಟ್ಟಡದ ಮಾಲೀಕರು ಕಿವಿಗೇ ಹಾಕ್ಕೊಳ್ಳಲ್ಲ. ಕಾಯಿಲೆ ಅಂದ್ರೆ ಆ ಮಾತೇ ಬೇರೆ. ಮಗು ಇರೋ ಮನೆ ಬೇರೆ. ನೀನೇ ಬರಿ, ನಿನ್ನ ಅಕ್ಷರ ಮುತ್ತಿನ ಹಾಗಿದೆ.”

ಬರೆದೆ. ‘ಇವರಲ್ಲಿ ಸ್ನಾನವಾದ ನಂತರ ನಮ್ಮ ನಾಯಿಗೆ ಕಾಯಿಲೆ ತಗುಲಿದೆ. ಮನೆಯಲ್ಲಿ ಸಣ್ಣ ಮಗುವಿದೆ. ಕೋಣೆಯನ್ನು ತೆರವು ಮಾಡಿಸಬೇಕು.’ ಸಂಜೆಯೊಳಗೆ ಎಂಟು ಮನೆಗಳ ಎಂಟು ಸಹಿ. ಮಾಲೀಕರು ಕಾಗದ ಓದಿ, ಭಾನುವಾರ ಬಂದು ತೀರ್ಮಾನ ಮಾಡುತ್ತೇನೆ, ಕಾಯಿಲೆಯ ಮಾತು ನಿಜವಾದರೆ ಅವಳು ತಿಂಗಳ ಕೊನೆಗೆ ಹೊರಗೆ ಎಂದರಂತೆ. ಟೀಚರ್ ಖುಷಿಯಿಂದ ಬಂದು ಹೇಳಿದರು.

ಅತ್ತೆ ಪುಟ್ಟಿಯ ಬಟ್ಟೆ ಮಡಿಸುತ್ತಾ ಕೇಳಿಸಿಕೊಂಡರು. ಟೀಚರ್ ಹೋದ ಮೇಲೆ, “ಕೊಟ್ಟಾಯ್ತಾ?” ಎಂದರು.

“ಆಯ್ತು.”

“ಅವಳ ಹತ್ರ ಆ ಕೋಣೆ ಬಿಟ್ರೆ ಏನಿದೆ ಅಂತ ಗೊತ್ತಾ ನಿನಗೆ?”

ಅತ್ತೆ ಬೆಳಗಿನ ನಡಿಗೆಗೆಂದು ಹೋಗುತ್ತಿದ್ದುದು ಮೆಟ್ಟಿಲ ಕೆಳಗಿನವರೆಗೆ ಮಾತ್ರ ಎಂಬುದು ನನಗೆ ತಿಳಿದದ್ದು ಆವತ್ತೇ. ಟವೆಲ್‌ಗಳನ್ನು ಎತ್ತಿ ಕುರ್ಚಿ ಕೊಡುತ್ತಾಳಂತೆ ಕತ್ತರಿ, ಇವರೊಬ್ಬರಿಗೆ.

ಕತ್ತರಿ ಹತ್ತೊಂಬತ್ತು ವರ್ಷ ಹೆಂಗಸರ ಬ್ಯೂಟಿ ಪಾರ್ಲರಿನಲ್ಲಿದ್ದವಳು. ಒಳ್ಳೆಯ ಕೈ, ಕೆಟ್ಟ ಬಾಯಿ. ತಲೆಗೂದಲು ಉದುರುತ್ತದೆ ಎಂದು ಎಣ್ಣೆ ತಿಕ್ಕಿಸಿಕೊಳ್ಳಲು ಬಂದ ದೊಡ್ಡ ಮನೆಯ ಹೆಂಗಸಿಗೆ, “ಎಣ್ಣೆಯಿಂದ ಬರಲ್ಲ. ತೆಳ್ಳಗಾಗಬೇಕು ಅಂತ ಊಟ ಬಿಟ್ಟಿದೀರಲ್ಲ, ಅದಕ್ಕೆ ಉದುರ್ತಿದೆ. ಮೊದಲು ಹೊಟ್ಟೆಗೆ ಹಾಕ್ಕೊಳ್ಳಿ” ಎಂದಳು. ಅಲ್ಲಿಂದ ಹೊರಬಿದ್ದಳು. ಆಮೇಲೆ ಗಾಜಿನ ಬಾಗಿಲಿನ ದೊಡ್ಡ ನಾಯಿ ಅಂಗಡಿಯೊಂದರಲ್ಲಿ ಕೆಲಸ. ಒಂದು ದಿನ ಬೆಳ್ಳನೆಯ ಮರಿ ಬಂತು, ಹೊಟ್ಟೆ ಕೆಟ್ಟು ಸುಸ್ತಾಗಿತ್ತು. ಇವತ್ತು ಬೇಡ, ಡಾಕ್ಟರಿಗೆ ತೋರಿಸಲಿ ಎಂದಳು. ಗಿರಾಕಿ ಹೊರಗೆ ಕಾಯ್ತಿದಾರೆ, ಸುಮ್ಮನೆ ತೊಳಿ ಎಂದ ಮ್ಯಾನೇಜರ್. ತೊಳೆದಳು. ಮೊದಲೇ ಮೈಯಲ್ಲಿ ನೀರಿನಂಶ ಇರಲಿಲ್ಲ, ಮೇಲೆ ಥಂಡಿ ಹತ್ತಿತು. ಟವೆಲ್ಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದಂತೆಯೇ ಮರಿ ಹೋಯಿತು. ಮ್ಯಾನೇಜರ್ ಗಿರಾಕಿಯ ಎದುರು ಇವಳ ಕಡೆ ಕೈ ತೋರಿಸಿದ.

“ಅವಳ ಕೈಯಿಂದ ಕಾಯಿಲೆ ಬಂತು ಅಂತ ಆವತ್ತು ಅವನು ಹೇಳಿದ. ಇವತ್ತು ನೀನು ಬರೆದಿದೀಯ, ಮುತ್ತಿನಂಥ ಅಕ್ಷರದಲ್ಲಿ” ಎಂದರು ಅತ್ತೆ. ಮಡಿಸಿದ ಬಟ್ಟೆಯನ್ನು ನನ್ನ ತೊಡೆಯ ಮೇಲೆ ಇಡಲಿಲ್ಲ, ಮಂಚದ ಮೇಲಿಟ್ಟು ಎದ್ದರು.

ಕರಗಿದೆ ಎಂದರೆ ಸುಳ್ಳಾಗುತ್ತದೆ. ಪಾಪ, ನಿಜ. ಆದರೆ ನನ್ನ ನಾಯಿಯ ಹೊಟ್ಟೆ ಕೆಟ್ಟಿದ್ದೂ ನಿಜ, ನಾಲ್ಕು ಜನರ ಮುಂದೆ ನನ್ನನ್ನು ಸುಳ್ಳಿ ಎಂದದ್ದೂ ನಿಜ. ಹಾಗೆಂದುಕೊಂಡೇ ಇದ್ದೆ.

ಶುಕ್ರವಾರ ಟೀಚರ್ ಮತ್ತೆ ಬಂದರು. “ಮಾಲೀಕರು ತಾರೀಕು ಕೇಳ್ತಾರೆ. ಯಾವತ್ತು ಶುರುವಾಯ್ತು, ಯಾವತ್ತು ಜಾಸ್ತಿ, ಪಟ್ಟಿ ಮಾಡಿಟ್ಟುಕೋ.” ಅದೇನು ಕಷ್ಟ? ಪುಟ್ಟಿ ಹುಟ್ಟಿದಾಗಿನಿಂದ ನಾನು ಡೈರಿ ಬರೆಯುತ್ತೇನೆ. ಎಷ್ಟು ಹೊತ್ತು ನಿದ್ದೆ, ಎಷ್ಟು ಚಮಚ ಊಟ, ಎಷ್ಟು ಸಲ ಕಕ್ಕ, ಯಾವ ಬಣ್ಣ. ನಾಯಿಯ ಕಾಟ ಶುರುವಾದ ಮೇಲೆ ಅಂಚಿನಲ್ಲಿ ಅದನ್ನೂ ಸಿಟ್ಟಿನಿಂದ ಗೀಚಿದ್ದೆ, ‘ಪೊ. ಮತ್ತೆ’ ಎಂದು. ಮಧ್ಯಾಹ್ನ ಮಗು ಮಲಗಿದಾಗ ಹಾಳೆ ತಿರುವಿ ಪಟ್ಟಿ ಮಾಡಲು ಕೂತೆ.

ಏಳನೇ ತಾರೀಕು: ಪುಟ್ಟಿ ಹೊಸ ಹಾಲುಗಂಜಿ, ಅರ್ಧ ಬಿಟ್ಟಳು. ಎಂಟು: ಮುಕ್ಕಾಲು ಬಿಟ್ಟಳು. ಪೊ. ಒಂಬತ್ತು: ಅರ್ಧ ಬಿಟ್ಟಳು. ಪೊ. ಮತ್ತೆ. ಹದಿನಾಲ್ಕರಿಂದ ಹದಿನೇಳು: ಪುಟ್ಟಿಗೆ ಜ್ವರ, ಗಂಜಿ ಮಾಡಲಿಲ್ಲ, ಬರೀ ಎದೆಹಾಲು. ಆ ನಾಲ್ಕು ದಿನ ಅಂಚು ಖಾಲಿ. ಜ್ವರದ ಗಡಿಬಿಡಿಯಲ್ಲಿ ಬರೆಯಲು ಮರೆತೆನೇನೋ ಎಂದು ನೆನಪು ಮಾಡಿಕೊಂಡೆ. ಇಲ್ಲ, ಆ ನಾಲ್ಕು ದಿನ ನೆಲ ಒರೆಸಿರಲಿಲ್ಲ. ಹದಿನೆಂಟು: ಮತ್ತೆ ಗಂಜಿ, ಎರಡೇ ಚಮಚ. ಹತ್ತೊಂಬತ್ತು: ಪೊ. ಮತ್ತೆ, ಮೂರು ಸಲ.

ಪುಟ್ಟಿ ಬಿಟ್ಟ ಗಂಜಿ ಎಲ್ಲಿಗೆ ಹೋಗುತ್ತಿತ್ತು? ಕೆಳಗೆ ಚೆಲ್ಲಲು ನನಗೆ ಮನಸ್ಸು ಬರುವುದಿಲ್ಲ. ದಿನಾ ಬೆಳಗ್ಗೆ, ಎಡಸೊಂಟದ ಮೇಲೆ ಮಗು, ಬಲಗೈಯಲ್ಲಿ ಬಟ್ಟಲು, ಬೆರಳಿನಿಂದ ಬಳಿದು ನಾಯಿಯ ತಟ್ಟೆಗೆ. ಹಾಲು, ಸಕ್ಕರೆ, ಮೇಲೆ ಒಂದು ಚಮಚ ಬೆಣ್ಣೆ. ಕಸಕ್ಕೆ ಹಾಕುವುದನ್ನು ಯಾರಾದರೂ ಊಟ ಎನ್ನುತ್ತಾರೆಯೇ? ಕತ್ತರಿ ಕೇಳಿದಾಗ ಅದು ನನ್ನ ತಲೆಗೇ ಬರಲಿಲ್ಲ. ಅವಳ ಡಬ್ಬಿಗೆ ಗೊತ್ತಿತ್ತು.

ಶನಿವಾರ ಬೆಳಗ್ಗೆ ಗಂಜಿ ಚೆಲ್ಲಿ, ಕೆಳಗೆ ಹೋದೆ. ಕತ್ತರಿ ಒಂದು ಮುದಿ ನಾಯಿಯ ಪಾದದಡಿಯ ಕೂದಲು ಕತ್ತರಿಸುತ್ತಿದ್ದಳು.

“ಅಕ್ಕಾ, ನಂದೇ ತಪ್ಪು. ಮಗೂನ ಗಂಜಿ ಹಾಕ್ತಿದ್ದೆ. ಹಾಲಿಂದು.”

ಕತ್ತರಿಸುತ್ತಲೇ ಇದ್ದಳು.

“ದೊಡ್ಡ ನಾಯಿಗೆ ಹಾಲು ಜೀರ್ಣ ಆಗಲ್ಲ ಅಂತ ನನಗೆ ಗೊತ್ತಿರಲಿಲ್ಲ.”

“ಕೆಲವಕ್ಕೆ ಆಗುತ್ತೆ. ಇದಕ್ಕೆ ಆಗಲ್ಲ. ಮೂರು ವಾರ ನೆಲದ ಮೇಲೆ ಬರೆದು ತೋರಿಸ್ತಲ್ಲ, ಸಾಲದಾ?” ಪಾದ ತಿರುಗಿಸಿದಳು. “ನನಗ್ಯಾಕೆ ಹೇಳ್ತಿದೀಯ ಇದನ್ನ?”

“ಕ್ಷಮಿಸಿ ಅಂತ...”

“ಕಾಗದ ನನಗೆ ಬರೆದ್ಯಾ? ಯಾರಿಗೆ ಬರೆದ್ಯೋ ಅವರಿಗೆ ಹೇಳು. ಬೆಳಕಿಗೆ ಅಡ್ಡ ನಿಂತಿದೀಯ, ಸರಿ ಆ ಕಡೆ.”

ಮೇಲೆ ಬಂದು ಅತ್ತೆಗೆ ಹೇಳಿದೆ. “ನಾನು ಎಷ್ಟು ದಿನ ನಿಂತುಕೊಂಡು ಉಂಡೆ, ಅದೂ ಬರೆದಿಟ್ಟಿದೀಯಾ ನಿನ್ನ ಪುಸ್ತಕದಲ್ಲಿ?” ಎಂದಷ್ಟೇ ಕೇಳಿದರು. ಅದನ್ನು ನಾನು ಬರೆದಿರಲಿಲ್ಲ.

ಭಾನುವಾರ ಹತ್ತು ಗಂಟೆಗೆ ಮಾಲೀಕರು ಬಂದು ಮೆಟ್ಟಿಲ ಬುಡದಲ್ಲಿ ನಿಂತರು. ಎಂಟು ಮನೆಯವರು ಮೆಟ್ಟಿಲ ಮೇಲೆ, ಫೋಟೋಗೆ ನಿಂತವರಂತೆ ಸಾಲಾಗಿ. ಕತ್ತರಿ ತನ್ನ ಬಾಗಿಲಲ್ಲಿ, ಕೈ ಕಟ್ಟಿ. ಅವಳ ಹಿಂದೆ ಗೋಡೆಯ ಮೊಳೆಗಳು ಖಾಲಿಯಾಗಿದ್ದವು. ಬಾಚಣಿಗೆಗಳೆಲ್ಲ ಒಂದು ಚೀಲದಲ್ಲಿ, ಬಾಯಿ ಕಟ್ಟಿ, ಮೇಜಿನ ಮೇಲಿದ್ದವು. ಹೊರಗೆ ಹೋಗು ಎಂದರೆ ಎರಡನೇ ಸಲ ಹೇಳಿಸಿಕೊಳ್ಳುವ ಜಾತಿಯವಳಲ್ಲ.

“ನಾಯಿಗೆ ಕಾಯಿಲೆ ಅಂತ ಬರೆದವರು ಯಾರು?”

“ನಾನು,” ಎಂದೆ. ಪುಟ್ಟಿ ನನ್ನ ಸೊಂಟದ ಮೇಲೆ ಡೈರಿಯ ಮೂಲೆ ಕಚ್ಚುತ್ತಿದ್ದಳು. “ಅದು ಸುಳ್ಳು. ಅಂದ್ರೆ, ನಾನು ನಿಜ ಅಂದ್ಕೊಂಡೇ ಬರೆದೆ. ಹೊಟ್ಟೆ ಕೆಡಿಸಿದ್ದು ಇವರಲ್ಲ, ನಾನು. ತಾರೀಕು ಸಮೇತ ಇದೆ.” ಓದಿದೆ. ಅರ್ಧ ಬಿಟ್ಟಳು, ಪೊ., ಮುಕ್ಕಾಲು ಬಿಟ್ಟಳು, ಪೊ. ಮತ್ತೆ. ಯಾರೋ ನಕ್ಕರು. ನನ್ನವರು ನೆಲ ನೋಡುತ್ತಿದ್ದರು.

“ಏನಮ್ಮ ಇದು, ಮಕ್ಕಳಾಟ?” ಟೀಚರ್ ದನಿ ಸೀಳಿತು. “ನಮ್ಮೆಲ್ಲರ ಕೈಲಿ ಸಹಿ ಹಾಕಿಸಿ ಈಗ ನಾಟಕನಾ? ಕೆಳಗಿನವಳು ಹೆದರಿಸಿದಳೋ, ಇಲ್ಲ ನಿಮ್ಮತ್ತೆ ಹೇಳಿಕೊಟ್ರೋ?”

“ನಾನೇನೂ ಹೇಳಿಕೊಟ್ಟಿಲ್ಲ,” ಎಂದರು ಅತ್ತೆ, ಮೇಲಿನ ಮೆಟ್ಟಿಲಿಂದ. “ಹೇಳಿದ್ರೆ ಕೇಳೋಳೂ ಅಲ್ಲ.”

“ಕೂದಲು? ಬೊಗಳೋದು? ಅದೂ ಸುಳ್ಳಾ?”

ಮಾಲೀಕರು ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟರು. ಚರಂಡಿಗೆ ಜಾಲರಿ ಹಾಕಬೇಕು, ಕೂದಲು ದಿನಾ ತೆಗೆಯಬೇಕು, ಮಕ್ಕಳು ಪಾಠಕ್ಕೆ ಬರುವ ನಾಲ್ಕರಿಂದ ಆರರವರೆಗೆ ಬಾಗಿಲು ಮುಚ್ಚಬೇಕು. ಇಷ್ಟಾದರೆ ಇರಲಿ ಎಂದರು. ಹೊರಡುವಾಗ ನನ್ನ ಕಡೆ ತಿರುಗಿ, “ಇನ್ನೊಂದು ಸಲ ಬರೆಯೋಕೆ ಮುಂಚೆ ಮನೇಲಿ ಸರಿಯಾಗಿ ನೋಡ್ಕೊಳ್ಳಮ್ಮ” ಎಂದರು. ಟೀಚರ್ ನನ್ನನ್ನು ಸವರಿಕೊಂಡೇ ಮೇಲೆ ಹತ್ತಿದರು. ಅಂದಿನಿಂದ ಮೆಟ್ಟಿಲಲ್ಲಿ ಎದುರಾದರೆ ಗೋಡೆ ನೋಡುತ್ತಾರೆ.

ಕತ್ತರಿ ಒಳಗೆ ಹೋಗಿ ಚೀಲದ ಬಾಯಿ ಬಿಚ್ಚಿದಳು. ಅಗಲ ಹಲ್ಲಿನದು ಮೊದಲು, ಸಣ್ಣ ಹಲ್ಲಿನದು ಕೊನೆಗೆ. ನನ್ನ ಕಡೆ ನೋಡಲಿಲ್ಲ. ನೋಡಲಿ ಎಂದು ನಿಂತಿದ್ದೆ, ಬರೆಯುವಾಗ ಅದನ್ನೇಕೆ ಮುಚ್ಚಿಡಲಿ?

ಅತ್ತೆಯ ಮೂಲಕ ಕತ್ತರಿಯ ಕಟ್ಟಪ್ಪಣೆ ಬಂತು. ಎರಡು ದಿನ ಬರೀ ಮೆತ್ತನೆಯ ಅನ್ನ, ಬೇಯಿಸಿದ ಕುಂಬಳಕಾಯಿ, ಉಪ್ಪಿಲ್ಲ, ಎಣ್ಣೆಯಿಲ್ಲ. ಸ್ವಲ್ಪ ಸ್ವಲ್ಪವಾಗಿ ನಾಲ್ಕು ಹೊತ್ತು. ನೀರಿನ ಬಟ್ಟಲು ಖಾಲಿಯಾಗಕೂಡದು. ಆಮೇಲೆ ಹಳೆಯ ಆಹಾರ ದಿನಕ್ಕೊಂದು ಚಮಚ ಹೆಚ್ಚಿಸುತ್ತ. ರಕ್ತ ಕಂಡರೆ, ನೀರು ಕುಡಿಯದೆ ಮಂಕಾದರೆ ಇವಳ ಹತ್ತಿರ ಅಲ್ಲ, ನೇರ ಪ್ರಾಣಿವೈದ್ಯರ ಹತ್ತಿರ. ಡೈರಿಯ ಹಾಳೆಗೆ ಮಧ್ಯದಲ್ಲಿ ಗೆರೆ ಎಳೆದೆ, ಎಡಕ್ಕೆ ಪುಟ್ಟಿ, ಬಲಕ್ಕೆ ಪೊರಕೆ. ಐದನೆಯ ದಿನ ಡಬ್ಬಿ ಒಯ್ದರೆ, ಮುಚ್ಚಳ ಎತ್ತಿ, “ಇನ್ನೂ ಮೆತ್ತಗಿದೆ. ನಡಿ” ಎಂದಳು. ಎಂಟನೆಯ ದಿನವೂ ನಡಿ. ನನಗಂತೂ ಗಟ್ಟಿಯಾಗೇ ಕಂಡಿತ್ತು. ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದು ಮೇಲೆ ಬಂದು ಬೈದೆ. “ತೀರಿಸ್ಕೊಳ್ಳಲಿ ಬಿಡು” ಎಂದರು ಅತ್ತೆ, ಅಡುಗೆಮನೆಯ ಒಳಗಿಂದ. ಅವರು ಈಗಲೂ ಅಲ್ಲೇ ನಿಂತು ಉಣ್ಣುತ್ತಾರೆ. ಬಾಗಿಲು ಮಾತ್ರ ತೆಗೆದಿರುತ್ತದೆ.

ಹನ್ನೊಂದನೆಯ ದಿನ ಕತ್ತರಿ ಡಬ್ಬಿಯನ್ನು ಕಿಟಕಿಗೆ ಹಿಡಿದು, ಕಡ್ಡಿಯಲ್ಲಿ ಹೊರಳಿಸಿ, ಮತ್ತೊಮ್ಮೆ ಹೊರಳಿಸಿದಳು. ಪೊರಕೆಯನ್ನು ನನ್ನ ತೋಳಿನಿಂದ ಎತ್ತಿಕೊಂಡು ಮೇಜಿನ ಮೇಲಿಟ್ಟು ಕಿವಿಯ ಹಿಂದೆ ಬೆರಳು ಹಾಕಿದಳು. ನಾನು ದಿನಾ ಬಾಚಿದ್ದೆ, ಬುಡ ಹಿಡಿದು, ತುದಿಯಿಂದ. ಗಂಟು ಸಿಗಲಿಲ್ಲ. ಏನಾದರೂ ಹೇಳುತ್ತಾಳೇನೋ ಎಂದು ಕಾದೆ. ಖಾಲಿ ಡಬ್ಬಿ ತೊಳೆದು ನನ್ನ ಕೈಗೆ ಕೊಟ್ಟಳು.

“ಕರ್ಕೊಂಡು ಹೋಗೋಕೆ ಎಷ್ಟು ಹೊತ್ತಿಗೆ ಬರ್ಲಿ ಅಕ್ಕಾ?”

“ನೀನು ಬರಬೇಡ,” ಎಂದು ಕೊಳಾಯಿ ತಿರುಗಿಸಿ, ನೀರಿನ ಬಿಸಿಯನ್ನು ಮೊಣಕೈಯಲ್ಲಿ ನೋಡಿದಳು. “ನಿಮ್ಮತ್ತೇನ ಕಳಿಸು.” ಕುರ್ಚಿಯ ಮೇಲೆ ಟವೆಲ್‌ಗಳಿರಲಿಲ್ಲ.